ಬಾಳಂತಿಯ ಹೇಳದ ಗಾಯ

ಮೂವತ್ತು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಸಂಧಿ, ಸಮಾಸ, ಛಂದಸ್ಸು ಎಂದು ಪಾಠ ಹೇಳಿಕೊಂಡು ಬಂದವನು ನಾನು. ಇಂತಹ ಕನ್ನಡ ಪಂಡಿತನೊಬ್ಬನು ಬಾಳಂತಿಯ ಆರೈಕೆಯ ವಿಚಾರವಾಗಿ ಮಾತನಾಡಲು ಹೊರಟರೆ ನೀವು ಹುಬ್ಬೇರಿಸುವುದು ಸಹಜವೆ. ಅದರಲ್ಲಿಯೂ ನಾನು ಹೇಳಬೇಕೆಂದಿರುವುದು ಮಗುವಿನ ತೂಕದ ಮಾತಲ್ಲ, ನಾಮಕರಣದ ಮಾತಲ್ಲ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಕೆಳಮೈಯಲ್ಲಿ ಆಗುವ ಗಾಯದ ಮಾತು. "ಇದೆಲ್ಲ ಹೆಂಗಸರ ವಿಷಯ, ಮಾಸ್ಟ್ರಿಗೆ ಯಾಕೆ?" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಅದೇ ಮಾತನ್ನು ನಂಬಿ ನಾನು ಒಂದು ವಾರ ಚಾವಡಿಯಲ್ಲಿ ಸುಮ್ಮನೆ ಕುಳಿತಿದ್ದೆ. ಒಳಗೆ ನನ್ನ ಮಗಳು ನರಳುತ್ತಿದ್ದಳು.

ನಮ್ಮ ಊರು ಕೆದಂಬಾಡಿ. ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕುಂಬ್ರ ಸಿಗುತ್ತದೆ. ಅಲ್ಲಿಂದ ಬೆಳ್ಳಾರೆಯ ದಾರಿ ಹಿಡಿದರೆ ತಿಂಗಳಾಡಿ. ಅದೇ ನಮ್ಮ ಪೇಟೆ. ಸುತ್ತ ಅಡಿಕೆ ತೋಟ, ಗುಡ್ಡದ ಮೇಲೆ ರಬ್ಬರು. ಮಗಳ ಚೊಚ್ಚಲ ಹೆರಿಗೆ ಆಟಿ ತಿಂಗಳಲ್ಲಿ ಬಂತು. ಆಟಿಯ ಮಳೆ ಎಂದರೆ ಘಟ್ಟದ ಮೇಲಿನವರಿಗೆ ಹೇಳಿ ತಿಳಿಸುವುದು ಕಷ್ಟ. ಕೊಡೆಯೂ ಒಣಗುವುದಿಲ್ಲ, ಗೋಡೆಯೂ ಒಣಗುವುದಿಲ್ಲ. ಪುಸ್ತಕದ ಬೆನ್ನಿನ ಮೇಲೆ ಬೂಸ್ಟು ಬೆಳೆಯುತ್ತದೆ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಯಿತು, ಸುಸೂತ್ರವಾಗಿಯೇ ಆಯಿತು. ಮೂರನೆಯ ದಿನ ಮನೆಗೆ ಹೊರಡುವಾಗ ದಾದಿ ನನ್ನ ಮನೆಯಾಕೆಯನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಹೊಲಿಗೆ ಉಂಟು ಅಮ್ಮ, ತೆಗೆಯಬೇಕೆಂದಿಲ್ಲ, ತಾನಾಗಿ ಕರಗುತ್ತದೆ. ಶುಚಿಯಾಗಿ ನೋಡಿಕೊಳ್ಳಿ" ಎಂದಳಂತೆ. ಮನೆಯಾಕೆ ತಲೆಯಾಡಿಸಿದಳು. ಶುಚಿ ಎಂಬ ಮಾತು ತನಗೆ ಗೊತ್ತೆಂದೇ ಅವಳು ತಿಳಿದಿದ್ದಳು. ನನಗೂ ಗೊತ್ತೆಂದೇ ನಾನು ತಿಳಿದಿದ್ದೆ. ಶುಚಿಯ ಅರ್ಥವನ್ನು ತರಗತಿಯಲ್ಲಿ ಎಷ್ಟು ಸಲ ಬರೆಸಿಲ್ಲ!

ಆದರೆ ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವುದು ಶುಚಿಯಲ್ಲ, ಮಡಿ. ಎರಡೂ ಒಂದೇ ಎಂದು ನಾವು ಭ್ರಮಿಸಿದ್ದೇವೆ. ಬಾಳಂತಿಗೆ ಅಮೆ ಇದೆ. ಆದುದರಿಂದ ಅವಳು ಮೂಲೆಯ ಕತ್ತಲೆ ಕೋಣೆಯಲ್ಲಿರಬೇಕು. ಅವಳ ಬಟ್ಟೆ ಮೈಲಿಗೆ. ಆದುದರಿಂದ ಅದು ಅಂಗಳದ ಹಗ್ಗಕ್ಕೆ ಬರಕೂಡದು. ಹಳೆಯ ಸೀರೆಯನ್ನು ಹರಿದು ಮಾಡಿದ ಆ ಮೆತ್ತನೆಯ ತುಂಡುಗಳನ್ನು ಮಗಳು ತಾನೇ ಒಗೆದು ಬಚ್ಚಲಿನ ಹಿಂದಿನ ಗಳದ ಮೇಲೆ ಹಾಕುತ್ತಿದ್ದಳು. ಯಾರ ಕಣ್ಣಿಗೂ ಬೀಳದಿರಲೆಂದು ಅವುಗಳ ಮೇಲೆ ಒಂದು ಟವಲು. ಆಟಿಯ ಮಳೆ, ಬಚ್ಚಲಿನ ಹಬೆ, ಮೇಲೊಂದು ಮುಸುಕು. ಅರೆ ಒಣಗಿದ, ಮುಗ್ಗಲು ನಾತದ ಆ ಬಟ್ಟೆಯನ್ನೇ ಅವಳು ಮತ್ತೆ ಉಟ್ಟುಕೊಂಡಳು. ಮಡಿಗೆ ಭಂಗ ಬರಲಿಲ್ಲ.

ಇನ್ನು ಆಹಾರ. ನನ್ನ ತಾಯಿ ಎಂಭತ್ತು ದಾಟಿದವರು. ಬಾಳಂತಿ ಬಹಳ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತರಕಾರಿ ಶೀತ ಎಂಬುದು ಅವರ ಶಾಸ್ತ್ರ. ಕುಚ್ಚಲಕ್ಕಿ ಅನ್ನ, ಒಳ್ಳೆಮೆಣಸಿನ ಸಾರು, ಬಾಳಂತಿ ಲೇಹ್ಯ. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ; ಆ ಲೇಹ್ಯವನ್ನು ಅವರು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅರ್ಧ ದಿನ ಕಾಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಮಗಳಿಗೆ ನೀರು ಕಡಿಮೆಯಾಯಿತು, ಮಲ ಗಟ್ಟಿಯಾಯಿತು, ತಿಣುಕಿದಾಗ ಹೊಲಿಗೆ ಎಳೆಯಿತು. ಮೂತ್ರ ತಾಗಿದರೆ ಉರಿ. ಉರಿಗೆ ಹೆದರಿ ಅವಳು ಇದ್ದ ನೀರನ್ನೂ ಬಿಟ್ಟಳು. ಇವೆಲ್ಲ ನನಗೆ ಆಮೇಲೆ ತಿಳಿದದ್ದು.

ಏಳನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಹಿಂದೆ ನನ್ನ ತರಗತಿಯಲ್ಲಿ ಕುಳಿತ ಹುಡುಗಿ ಅವಳು. ಮಗುವನ್ನು ತೂಗಿದಳು, ಮೈ ಬಿಸಿ ನೋಡಿದಳು. ಬಳಿಕ ಮಗಳನ್ನು, "ಅಕ್ಕಾ, ನಿಮಗೆ ಹೇಗುಂಟು? ಹೊಲಿಗೆ ನೋವು ಉಂಟಾ?" ಎಂದು ಕೇಳಿದಳು. ಚಾವಡಿಯಲ್ಲಿ ನಾನಿದ್ದೆ, ಅಳಿಯಂದಿರಿದ್ದರು, ನೆರೆಮನೆಯವರೊಬ್ಬರು ವೀಳ್ಯ ಹಾಕುತ್ತ ಕುಳಿತಿದ್ದರು. ಮಗಳು, "ಎಲ್ಲ ಸರಿ ಉಂಟು" ಎಂದಳು. ಅಷ್ಟು ಜನ ಗಂಡಸರ ಕಿವಿಯ ಮುಂದೆ ಇನ್ನೇನು ಹೇಳಿಯಾಳು? ನಾವು ಯಾರೂ ಎದ್ದು ಹೊರಗೆ ಹೋಗಲಿಲ್ಲ. ಆ ಹೊತ್ತಿನಲ್ಲಿ ಎದ್ದು ತೋಟದ ಕಡೆ ನಾಲ್ಕು ಹೆಜ್ಜೆ ನಡೆದುಬಿಟ್ಟಿದ್ದರೆ ಎಂದು ಈಗಲೂ ನನಗೆ ಅನಿಸುತ್ತದೆ.

ಒಂಬತ್ತನೆಯ ದಿನ ರಾತ್ರಿ ಜ್ವರ ಬಂತು. "ಹಾಲಿನ ಜ್ವರ, ತಾನಾಗಿ ಇಳಿಯುತ್ತದೆ" ಎಂದರು ನನ್ನ ತಾಯಿ. ಬೆಳಿಗ್ಗೆ ಮಗಳು ನಮ್ಮಲ್ಲಿ ಯಾರಿಗೂ ಹೇಳದೆ ಆ ಹುಡುಗಿಗೇ ದೂರವಾಣಿ ಮಾಡಿದಳು. ಅರ್ಧ ಗಂಟೆಯಲ್ಲಿ ಮಳೆಯಲ್ಲಿ ನೆನೆದುಕೊಂಡೇ ಬಂದ ಅವಳು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದವಳು ನನ್ನ ಮುಖ ನೋಡಿ, "ಸರ್, ನೀವು ಯಾರನ್ನೂ ಬೈಯಬಾರದು. ರಿಕ್ಷಾ ತರಿಸಿ, ಈಗಲೇ" ಎಂದಳು.

ಆಸ್ಪತ್ರೆಯಲ್ಲಿ ವೈದ್ಯೆ ಎರಡು ಹೊಲಿಗೆಗಳನ್ನು ಬಿಚ್ಚಿದರು. ಒಳಗೆ ಕೀವು ಕಟ್ಟಿತ್ತು. ತೊಳೆದರು, ಮೊಲೆ ಕುಡಿಸುವ ತಾಯಿ ತೆಗೆದುಕೊಳ್ಳಬಹುದಾದ ಔಷಧವನ್ನು ಕೊಟ್ಟರು, ಗಾಯವನ್ನು ಮತ್ತೆ ಹೊಲಿಯದೆ ಒಳಗಿನಿಂದ ತುಂಬಿಕೊಂಡು ಬರಲೆಂದು ಬಿಟ್ಟರು. ಎರಡು ದಿನ ತಡವಾಗಿದ್ದರೆ ನಂಜು ರಕ್ತಕ್ಕೆ ಏರುತ್ತಿತ್ತೇನೋ ಎಂದು ಅವರು ಹೇಳಿದಾಗ ನಾನು ಗೋಡೆ ಹಿಡಿದು ನಿಂತೆ. ನಮ್ಮ ಅಜ್ಜಿಯರ ಕಾಲದಲ್ಲಿ ಬಾಳಂತಿ ನಂಜು ಎಂದರೆ ಮನೆಯವರು ಕೈ ಚೆಲ್ಲುತ್ತಿದ್ದ ಕಾಯಿಲೆ. ಹೆಸರನ್ನು ಕೇಳಿದ್ದೆ, ಅದು ನಮ್ಮ ಮನೆಯ ಬಚ್ಚಲಿನ ಗಳದ ಮೇಲೆ ಕುಳಿತಿದ್ದೀತು ಎಂದು ಎಣಿಸಿರಲಿಲ್ಲ.

ಮಗಳು ಗುಣವಾಗತೊಡಗಿದ ಮೇಲೆ ನಾನು ಪುಸ್ತಕ ತೆರೆದೆ. ಪಂಡಿತರ ಚಾಳಿ, ಬಿಡುವುದು ಹೇಗೆ? ಮೊದಲು ಕೈಗೆ ಬಂದದ್ದು ಸುಶ್ರುತ ಸಂಹಿತೆ. ಅದರ ಶಾರೀರಸ್ಥಾನದಲ್ಲಿ ಹೆರಿಗೆಯ ಕೋಣೆಯಲ್ಲಿ ಎಂತಹ ಹೆಂಗಸರು ಇರಬೇಕು ಎಂಬ ಮಾತು ಬರುತ್ತದೆ: ನಂಬಿಕೆಗೆ ಅರ್ಹರಾದವರು, ವಯಸ್ಸಾದವರು, ಹೆರಿಗೆಯ ಕೆಲಸ ಬಲ್ಲವರು, ಅಷ್ಟೇ ಅಲ್ಲ, ಉಗುರು ಕತ್ತರಿಸಿಕೊಂಡವರು. ಈ ಕೊನೆಯ ಲಕ್ಷಣವನ್ನು ಓದಿ ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಸೂಕ್ಷ್ಮದರ್ಶಕವಿಲ್ಲದ ಕಾಲದ ವೈದ್ಯನಿಗೆ ಉಗುರಿನ ಮೇಲೆ ಕಣ್ಣಿತ್ತು. ಬಾಳಂತಿಯ ಅವಧಿ ಒಂದೂವರೆ ತಿಂಗಳು ಎಂದೂ ಅದೇ ಗ್ರಂಥದಲ್ಲಿದೆ. ಇಂದಿನ ವೈದ್ಯರು ಆರು ವಾರ ಎನ್ನುತ್ತಾರೆ; ಲೆಕ್ಕದಲ್ಲಿ ಮೂರು ದಿನದ ಅಂತರ. ದೇಹದ ಅಂಗಗಳ ಹೆಸರು ಹೇಳಲು ಆ ಹಿಂದಿನವರು ನಾಚಿದವರಲ್ಲ. ನಾಚಿಕೆ ನಮ್ಮದು, ಅದಕ್ಕೆ ಅವರ ಹೆಸರನ್ನು ಎಳೆದು ತರುತ್ತೇವೆ.

ಕೈಯ ಮಾತು ಬಂದುದರಿಂದ ದೂರದ ಒಂದು ಕಥೆಯನ್ನೂ ಹೇಳಬೇಕು. ಆಸ್ಟ್ರಿಯ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ೧೮೪೬ರ ಸುಮಾರಿಗೆ ಹೆರಿಗೆಗೆಂದು ಎರಡು ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿಚಿತ್ರವೆಂದರೆ ವಿದ್ಯಾವಂತರ ವಿಭಾಗದಲ್ಲಿಯೇ ಬಾಳಂತಿ ಜ್ವರದಿಂದ ಸಾಯುವವರು ಬಹಳ ಹೆಚ್ಚು. ಅಲ್ಲಿಗೆ ಸೇರಿಸಬೇಡಿ ಎಂದು ಗರ್ಭಿಣಿಯರು ಅಂಗಲಾಚುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನಿಗೆ ಇದು ನಿದ್ದೆಗೆಡಿಸಿತು. ೧೮೪೭ರಲ್ಲಿ ಅವನ ಸ್ನೇಹಿತ, ಅದೇ ಆಸ್ಪತ್ರೆಯ ವೈದ್ಯ, ಶವ ಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಾಗಿ ತೀರಿಕೊಂಡ. ಅವನ ದೇಹದಲ್ಲಿ ಕಂಡ ಲಕ್ಷಣಗಳೂ ಆ ತಾಯಂದಿರ ದೇಹದಲ್ಲಿ ಕಂಡ ಲಕ್ಷಣಗಳೂ ಒಂದೇ. ಆಗ ಸೆಮ್ಮೆಲ್‌ವೈಸನಿಗೆ ಹೊಳೆಯಿತು: ಹೆಣ ಕೊಯ್ದ ಕೈಯಲ್ಲಿಯೇ ವಿದ್ಯಾರ್ಥಿಗಳು ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವದ ಕೆಲಸವಿರಲಿಲ್ಲ. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವನು ಆ ಮೇ ತಿಂಗಳಲ್ಲಿ ಕಟ್ಟಳೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್‌ನಲ್ಲಿ ನೂರಕ್ಕೆ ಎರಡರ ಹತ್ತಿರಕ್ಕೆ ಇಳಿಯಿತು. ಆದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ನಮ್ಮ ಕೈ ಕೊಳಕೆ ಎಂಬ ಸಿಟ್ಟು ಅವರಿಗೆ. ೧೮೬೫ರಲ್ಲಿ, ಇನ್ನೂ ಐವತ್ತು ತುಂಬದೆ, ಅವನು ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಅದೂ ಗಾಯದ ನಂಜಿನಿಂದಲೇ. ನಮ್ಮ ಕೈ ಕೊಳಕಲ್ಲ ಎಂಬ ಸಿಟ್ಟನ್ನು ನಾನು ನಮ್ಮ ಊರಿನಲ್ಲಿಯೂ ನೋಡಿದ್ದೇನೆ. ಮಗುವನ್ನು ನೋಡಲು ಬಂದವರಿಗೆ ಸಾಬೂನು ತೋರಿಸಿದರೆ ಕೆಲವರ ಮುಖ ಸಣ್ಣದಾಗುತ್ತದೆ.

ಈಗ ಗಾಯದ ವಿಚಾರಕ್ಕೆ ಬರೋಣ. ಹೆರಿಗೆಯ ದಾರಿಗೂ ಮಲದ್ವಾರಕ್ಕೂ ನಡುವೆ ಎರಡು ಮೂರು ಬೆರಳಿನ ಅಗಲದ ಜಾಗವಿದೆ. ಮಗುವಿನ ತಲೆ ಹೊರಬರುವಾಗ ಅದು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯವರೆಗೆ ಏನಾದರೊಂದು ಹರುಕು ಆಗುತ್ತದೆ ಎಂದು ಇಂಗ್ಲೆಂಡಿನ ಪ್ರಸೂತಿ ವೈದ್ಯರ ಸಂಸ್ಥೆ ಹೇಳುತ್ತದೆ. ಹೆಚ್ಚಿನವು ಸಣ್ಣವು. ಕೆಲವಕ್ಕೆ ಹೊಲಿಗೆ ಬೇಕಾಗುತ್ತದೆ. ಕೆಲವೊಮ್ಮೆ ವೈದ್ಯರೇ ಕತ್ತರಿಯಿಂದ ಸ್ವಲ್ಪ ದಾರಿ ಮಾಡಿಕೊಡುವುದುಂಟು. ಆದರೆ ಸಹಜ ಹೆರಿಗೆಯಲ್ಲಿ ಎಲ್ಲರಿಗೂ ರೂಢಿಗೆಂಬಂತೆ ಹಾಗೆ ಮಾಡುವುದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲಿ ಸ್ಪಷ್ಟಪಡಿಸಿದೆ. ಹಾಗಾದುದರಿಂದ, ಗಾಯವಾದ ತಾಯಿ ತನ್ನಲ್ಲಿಯೇ ಏನೋ ಕುಂದಿದೆ ಎಂದು ಕೊರಗಬೇಕಾಗಿಲ್ಲ. ಅವಳ ಅತ್ತೆಗೂ ಆಗಿದ್ದಿರಬಹುದು, ಅಜ್ಜಿಗೂ ಆಗಿದ್ದಿರಬಹುದು. ಅವರು ಹೇಳಿಲ್ಲ, ಅಷ್ಟೆ.

ಮೊದಲ ಎರಡು ಮೂರು ದಿನ ಅಲ್ಲಿ ಬಾವು, ನೋವು ಇರುತ್ತದೆ. ಬಳಿಕ ಹೊಸ ಮಾಂಸ, ಹೊಸ ಚರ್ಮ ಕೂಡಿಕೊಳ್ಳುತ್ತವೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮೇಲ್ಭಾಗ ಕೂಡುತ್ತದೆ. ಒಳಗಿನದು ಗಟ್ಟಿಯಾಗಲು ಆರು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು. ನಮ್ಮವರಿಗೆ ಈ ಲೆಕ್ಕ ಅಪರಿಚಿತವಲ್ಲ. ಅಡಿಕೆಯನ್ನು ಅಂಗಳದಲ್ಲಿ ಹರಡಿದರೆ ಚಾಲಿಯಾಗಲು ಹೆಚ್ಚು ಕಡಿಮೆ ಅಷ್ಟೇ ದಿನ ಬೇಕು. ಮೋಡ ಕವಿದರೆ ಟಾರ್ಪಾಲು ಹಿಡಿದು ಓಡುತ್ತೇವೆ. ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಕಟ್ಟುತ್ತೇವೆ. ಬೂಸ್ಟು ಬಂದ ಅಡಿಕೆಗೆ ಕ್ರಯ ಇಲ್ಲ ಎಂದು ನಮಗೆ ಗೊತ್ತು. ಅಡಿಕೆಗೆ ಕೊಡುವ ಆ ಬಿಸಿಲಿನ ಒಂದು ಮೂಲೆಯನ್ನು ಬಾಳಂತಿಯ ಬಟ್ಟೆಗೆ ಕೊಡಲು ನಮಗೆ ಮನಸ್ಸು ಬರುವುದಿಲ್ಲ.

ವೈದ್ಯೆಯೂ ಆ ಹುಡುಗಿಯೂ ಹೇಳಿಕೊಟ್ಟದ್ದನ್ನು ನಾನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ನಿಮಗೂ ಉಪಯೋಗಕ್ಕೆ ಬಂದೀತು. ಎಲ್ಲಕ್ಕಿಂತ ಮೊದಲು ಕೈ. ಬಟ್ಟೆ ಬದಲಿಸುವ ಮೊದಲೂ ಆಮೇಲೂ, ಮಗುವನ್ನು ಎತ್ತುವ ಮೊದಲೂ, ಸಾಬೂನು ಹಾಕಿ ತೊಳೆಯಬೇಕು. ಮೂತ್ರ ಮಲ ವಿಸರ್ಜನೆಯಾದ ಪ್ರತಿಸಲವೂ ಶುದ್ಧವಾದ ನೀರನ್ನು ಮೆಲ್ಲಗೆ ಹೊಯ್ದು ತೊಳೆದುಕೊಳ್ಳಬೇಕು. ತೊಳೆಯುವುದೂ ಒರೆಸುವುದೂ ಮುಂದಿನಿಂದ ಹಿಂದಕ್ಕೆ, ಎಂದಿಗೂ ಹಿಂದಿನಿಂದ ಮುಂದಕ್ಕಲ್ಲ. ಮಲದ್ವಾರದ ಕ್ರಿಮಿ ಗಾಯಕ್ಕೆ ಬರಬಾರದು ಎಂಬುದೇ ಇದರ ಅರ್ಥ. ತೊಳೆದ ಮೇಲೆ ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಬೇಕು, ಉಜ್ಜಬಾರದು. ಮೂತ್ರ ಉರಿಯುತ್ತಿದ್ದರೆ ಹೋಗುವ ಹೊತ್ತಿನಲ್ಲಿಯೇ ಉಗುರು ಬೆಚ್ಚನೆಯ ನೀರನ್ನು ಹೊಯ್ದುಕೊಂಡರೆ ಉರಿ ಕಡಿಮೆ. ನೋಡಿ, ಎಷ್ಟು ಸಣ್ಣ ಉಪಾಯ! ಇದು ಗೊತ್ತಿದ್ದರೆ ನನ್ನ ಮಗಳು ನೀರು ಬಿಡುತ್ತಿರಲಿಲ್ಲ.

ಬಟ್ಟೆಯಾಗಲಿ ಅಂಗಡಿಯ ಪ್ಯಾಡ್ ಆಗಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ನೆನೆದರೆ ಅದಕ್ಕೂ ಮೊದಲೇ. ಬಟ್ಟೆಯಾದರೆ ಸಾಬೂನಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಲು ಇಲ್ಲದಿದ್ದರೆ ಗಾಳಿಯಾಡುವ ಜಗಲಿಯಲ್ಲಿ ಹರಡಿ, ಬಳಿಕ ಬಿಸಿ ಇಸ್ತ್ರಿ ಎಳೆದರೆ ಆದೀತು. ಅರೆ ಒಣಗಿದ್ದನ್ನು ಮಾತ್ರ ಉಡಬಾರದು.

ಗಾಯಕ್ಕೆ ಅರಸಿನ, ಎಣ್ಣೆ, ಬೂದಿ, ಪೌಡರು ಯಾವುದೂ ಬೇಡ. ವೈದ್ಯರು ಕೊಟ್ಟದ್ದು ಇದ್ದರೆ ಅದು, ಇಲ್ಲವಾದರೆ ನೀರು ಮತ್ತು ಗಾಳಿ. ನಮ್ಮ ಕಡೆಯ ಬಾಳಂತಿ ಸ್ನಾನವನ್ನು ನಾನು ಹಳಿಯುವವನಲ್ಲ. ಎಣ್ಣೆ ತಿಕ್ಕಿ ಹಂಡೆಯ ನೀರು ಹೊಯ್ದರೆ ದಣಿದ ಸೊಂಟಕ್ಕೆ ಸುಖವೇ. ಆದರೆ ಕುದಿಯುವಂತಹ ನೀರನ್ನು ಚೆಂಬಿನಿಂದ ಬೀಸಿ ಕೆಳಮೈಗೆ ಎರಚುವುದು, ಕೆಂಡದ ಮೇಲೆ ಕುಳ್ಳಿರಿಸಿ ಕಾಯಿಸುವುದು ಹೊಲಿಗೆ ಇರುವವರಿಗೆ ಸಲ್ಲದು. ಮೊದಲ ಎರಡು ದಿನ ಬಾವು ಇದ್ದಾಗ ತಂಪೇ ಹಿತ: ಮಂಜುಗಡ್ಡೆಯನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಬಾಳಂತಿಗೆ ತಂಪೆ ಎಂದು ನನ್ನ ತಾಯಿ ಈಗಲೂ ಒಪ್ಪುವುದಿಲ್ಲ. ಪ್ಯಾರಾಸಿಟಮಾಲ್ ಮಾತ್ರೆಯಿಂದ ಎದೆಹಾಲಿಗೆ ದೋಷವಿಲ್ಲ. ಪ್ರಮಾಣವನ್ನು ದಾದಿಯಲ್ಲಿ ಕೇಳಿ ತಿಳಿಯಿರಿ.

ಬಾಯಾರಿದಷ್ಟು ನೀರು, ಅದಕ್ಕೂ ಒಂದು ಲೋಟ ಹೆಚ್ಚು. ಬಸಳೆ, ಹರಿವೆ, ತೊಂಡೆ, ಬಾಳೆಹಣ್ಣು, ಬೇಳೆ ಎಲ್ಲವೂ ಬೇಕು. ಮಲ ಮೃದುವಾಗಿದ್ದರೆ ಅರ್ಧ ಗೆದ್ದಂತೆ. ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಕೂಡದು. ರಕ್ತ ಕಡಿಮೆಯಿದ್ದವರಿಗೂ ಸಕ್ಕರೆ ಕಾಯಿಲೆಯವರಿಗೂ ಗಾಯ ಮಾಯುವುದು ನಿಧಾನ. ಮೊಲೆ ಕುಡಿಸುವಾಗ ಕುಳಿತುಕೊಳ್ಳುವುದು ಕಷ್ಟವಾದರೆ ಮಗ್ಗುಲಾಗಿ ಮಲಗಿ ಕುಡಿಸಬಹುದು. ಗಂಡ ಹೆಂಡತಿ ಸೇರುವ ವಿಚಾರದಲ್ಲಿ ಗಾಯ ಮಾಯಬೇಕು, ಅವಳ ಮನಸ್ಸೂ ಒಪ್ಪಬೇಕು. ಆರು ವಾರದ ತಪಾಸಣೆಯವರೆಗೆ ಕಾದರೆ ಕೇಡಿಲ್ಲ. ಅಳಿಯಂದಿರಿಗೆ ಈ ಮಾತನ್ನು ನಾನು ಹೇಳಲಾರದೆ ವೈದ್ಯೆಯಿಂದಲೇ ಹೇಳಿಸಿದೆ.

ಇನ್ನು, ಯಾವಾಗ ಕಾಯಬಾರದು? ಮೈ ಬಿಸಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿ ನಿಂತರೆ ಹಾಲಿನ ಜ್ವರವೆಂದು ಹೆಸರಿಟ್ಟು ಕೂರಬೇಡಿ. ನೋವು ದಿನದಿನಕ್ಕೆ ಇಳಿಯುವ ಬದಲು ಏರಿದರೆ, ಸ್ರಾವ ದುರ್ನಾತ ಬಂದರೆ, ಕೀವು ಕಂಡರೆ, ಹೊಲಿಗೆ ಬಿಟ್ಟುಕೊಂಡರೆ, ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ರಕ್ತದಲ್ಲಿ ತೊಯ್ದರೆ, ಮೂತ್ರ ಕಟ್ಟಿದರೆ ಅಥವಾ ಮಲ ತಡೆಯಲಾಗದಿದ್ದರೆ ಆ ದಿನವೇ, ಆ ಹೊತ್ತೇ ಆಸ್ಪತ್ರೆ. ವಾಹನವಿಲ್ಲದವರಿಗೆ ೧೦೮ ಇದೆ. ಕನ್ನಡಿ ಹಿಡಿದು ಗಾಯವನ್ನು ನೋಡಿಕೊಳ್ಳಲು ತಾಯಿಗೆ ಹೇಳಿಕೊಡಿ; ನಿನ್ನೆಗಿಂತ ಇಂದು ಹೇಗಿದೆ ಎಂದು ಅವಳಿಗೇ ಮೊದಲು ಗೊತ್ತಾಗುತ್ತದೆ.

ಆಶಾ ಕಾರ್ಯಕರ್ತೆ ಹೆರಿಗೆಯ ಬಳಿಕ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬ ಕ್ರಮವಿದೆ. ಮಗುವಿಗಾಗಿ ಬರುತ್ತಾಳೆಂದು ನಾವು ತಿಳಿಯುತ್ತೇವೆ; ತಾಯಿಗಾಗಿಯೂ ಬರುತ್ತಾಳೆ. ಅವಳು ಬಂದಾಗ ಮನೆಯ ಗಂಡಸರು ಎದ್ದು ಹೊರಗೆ ಹೋಗಿ. ಹೋಗುವಾಗ ಒಲೆಗೆ ಸೌದೆ ಇದೆಯೆ, ಬಚ್ಚಲಿನಲ್ಲಿ ಸಾಬೂನು ಇದೆಯೆ, ಹಂಡೆಯಲ್ಲಿ ನೀರು ಇದೆಯೆ ಎಂದು ನೋಡಿ ಹೋಗಿ. ನಮಗೆ ಉಳಿದಿರುವ ಕೆಲಸ ಅದು.

ಆ ಆಟಿಯ ಉಳಿದ ದಿನಗಳಲ್ಲಿ ನಾನು ಜಗಲಿಯ ಮಾಡಿನ ಕೆಳಗೆ, ಚಾವಡಿಯ ಎದುರಿಗೇ, ಒಂದು ಹಗ್ಗ ಕಟ್ಟಿದೆ. ನನ್ನ ತಾಯಿ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಗಾಳಿಗೆ ಕೆಳಗೆ ಬಿದ್ದಿದ್ದ ಒಂದು ತುಂಡನ್ನು ಅವರೇ ಹೆಕ್ಕಿ, ಕೊಡವಿ, ಮತ್ತೆ ಹಗ್ಗಕ್ಕೆ ಹಾಕಿದ್ದನ್ನು ಕಂಡೆ, ಕಂಡದ್ದನ್ನು ಹೇಳಲಿಲ್ಲ. ಗಾಯ ಮಾಯಲು ಐದು ವಾರ ಹಿಡಿಯಿತು. ನಲವತ್ತೆರಡನೆಯ ದಿನ ವೈದ್ಯೆ ನೋಡಿ, ಸರಿಯಾಗಿದೆ ಎಂದರು. ಅಂದು ಮಧ್ಯಾಹ್ನ ಮಗಳು ಬಾಳೆಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಎರಡು ಸಲ ಹರಿವೆ ಪಲ್ಯ ಬಡಿಸಿಕೊಂಡು ಉಂಡಳು.